ಪ್ರತಿಕ್ರಿಯೆ: ಕಜಾನ್ ವಿಶ್ವವಿದ್ಯಾಲಯದ ಸ್ಥಾಪನಾ ವರ್ಷ 1804, 1814, 2010, ಯಾವುದು ನಿಜ?
ರಷ್ಯಾದ ಕಜಾನ್‌ನಲ್ಲಿ ವೈದ್ಯಕೀಯ ಸೀಟು ಕೊಡಿಸುವ ಏಜೆಂಟರ ಕಾಗದಗಳಲ್ಲಿ ಒಂದೇ ವಿಶ್ವವಿದ್ಯಾಲಯಕ್ಕೆ ಮೂರು ಸ್ಥಾಪನಾ ವರ್ಷಗಳಿವೆ ಎಂದು ಕೇಳಿದ್ದೀರಿ. ಇದಕ್ಕೆ ಕಾರಣ ಬಹುಶಃ ಮೋಸವಲ್ಲ, ಕಜಾನ್ ನಗರದ ಎರಡು ಸಂಸ್ಥೆಗಳ ಇತಿಹಾಸ ಒಂದರೊಳಗೊಂದು ಬೆರೆತಿರುವುದು. ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ 1804ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯವೇ 2010ರ ಹೊತ್ತಿಗೆ ಫೆಡರಲ್ ದರ್ಜೆ ಪಡೆಯಿತು. ಅದರಲ್ಲಿ 1814ರಿಂದ ಬೇರೂರಿದ್ದ ವೈದ್ಯಕೀಯ ವಿಭಾಗವು 1930ರಲ್ಲಿ ಬೇರ್ಪಟ್ಟು, ಈಗ ಕಜಾನ್ ರಾಜ್ಯ ವೈದ್ಯಕೀಯ ವಿಶ್ವವಿದ್ಯಾಲಯವಾಗಿದೆ. ಮೂಲ ವಿಶ್ವವಿದ್ಯಾಲಯವೂ ಫೆಡರಲ್ ಆದ ಮೇಲೆ ಪುನಃ ವೈದ್ಯಕೀಯ ಶಿಕ್ಷಣ ಆರಂಭಿಸಿದ್ದರಿಂದ ಗೊಂದಲ ಇಮ್ಮಡಿಯಾಯಿತು.

ಮೊದಲು ಪ್ರವೇಶಾನುಮತಿ ಪತ್ರದಲ್ಲಿರುವ ರಷ್ಯನ್ ಹೆಸರನ್ನು ಪೂರ್ತಿಯಾಗಿ ಓದಿಸಿ: ‘ಫೆದೆರಾಲ್ನಿ’ ಎಂದಿದ್ದರೆ ಅದು ಮೂಲ ಸಂಸ್ಥೆ, ‘ಮೆದಿತ್ಸಿನ್‌ಸ್ಕಿ’ ಎಂದಿದ್ದರೆ ಬೇರ್ಪಟ್ಟದ್ದು. ಬಳಿಕ, ವಿದೇಶದಲ್ಲಿ ವೈದ್ಯಕೀಯ ಓದುವವರಿಗಾಗಿ ಭಾರತ ಮಾಡಿರುವ 2021ರ ನಿಯಮಾವಳಿ ಕೇಳುವಂತೆ ಕನಿಷ್ಠ 54 ತಿಂಗಳ ವ್ಯಾಸಂಗ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಹಾಗೂ ಇಂಗ್ಲಿಷ್ ಮಾಧ್ಯಮ ಇವೆಯೇ ಎಂಬುದನ್ನು ಏಜೆಂಟರಿಂದಲ್ಲ, ವಿಶ್ವವಿದ್ಯಾಲಯದಿಂದಲೇ ಲಿಖಿತವಾಗಿ ಪಡೆಯಿರಿ.

ಖ್ಯಾತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಯೂಕ್ಲಿಡೇತರ ಜ್ಯಾಮಿತಿಯನ್ನು ಕಟ್ಟಿದ ಲೊಬಚೆವ್‌ಸ್ಕಿ 1827ರಿಂದ ಸುಮಾರು 19 ವರ್ಷ ಮೂಲ ವಿಶ್ವವಿದ್ಯಾಲಯದ ರೆಕ್ಟರ್ (ಮುಖ್ಯಸ್ಥ) ಆಗಿದ್ದರು. ರುಥೇನಿಯಂ ಧಾತು 1844ರಲ್ಲಿ ಪತ್ತೆಯಾದದ್ದೂ, ಝವೋಯ್‌ಸ್ಕಿಯವರು 1944ರಲ್ಲಿ ಎಲೆಕ್ಟ್ರಾನ್ ಅನುಚುಂಬಕೀಯ ಅನುರಣನವೆಂಬ ಭೌತಿಕ ವಿದ್ಯಮಾನವನ್ನು ಗುರುತಿಸಿದ್ದೂ ಇಲ್ಲಿಯೇ. ಈ ಹಿರಿಮೆ ಗಣಿತ, ರಸಾಯನ, ಭೌತವಿಜ್ಞಾನಗಳದ್ದು, ಇಂದಿನ ವೈದ್ಯಕೀಯ ಕೋರ್ಸಿಗೆ ಅದನ್ನು ಪ್ರಮಾಣವಾಗಿ ಹಿಡಿಯದೆ, ಅಲ್ಲಿ ಈಗ ಕೊನೆಯ ವರ್ಷದಲ್ಲಿರುವ ಭಾರತೀಯ ವಿದ್ಯಾರ್ಥಿಗಳನ್ನು ಆಸ್ಪತ್ರೆ ತರಬೇತಿಯ ಬಗ್ಗೆ ವಿಚಾರಿಸಿದ ನಂತರವೇ ಶುಲ್ಕ ಕಟ್ಟಿ.