ಬಿದ್ರಿ ಕೆಲಸ ಚಿತ್ರೀಕರಿಸಲು ಯಾವ ಲೈಟ್?

ನಮಸ್ಕಾರ ಸರ್. ಲೋಹದ ಪಾತ್ರೆಗೆ ಬೆಳ್ಳಿ ತಂತಿ ಕೂರಿಸಿ ಕಪ್ಪಾಗಿಸುವ ಬೀದರಿನ ಬಿದ್ರಿ ಕುಶಲಕರ್ಮಿಗಳ ಇಕ್ಕಟ್ಟಾದ ಕೋಣೆಯಲ್ಲಿ ವಿಡಿಯೊ ಮಾಡಲು ಕ್ಯಾಮೆರಾ ಮೇಲೆ ಕೂರಿಸುವ ಎಲ್‌ಇಡಿ ಲೈಟ್ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಯಾವುದನ್ನೇ ಕೊಂಡರೂ ದಯವಿಟ್ಟು ಕ್ಯಾಮೆರಾ ಮೇಲೆ ಕೂರಿಸಬೇಡಿ. ನಾನು ಮೊದಲ ಸಲ ಹಾಗೆಯೇ ಮಾಡಿದ್ದೆ. ಕಪ್ಪು ಹೂಜಿಯ ಹೊಟ್ಟೆಯ ಮೇಲೆ ಎಲ್‌ಇಡಿ ಚುಕ್ಕೆಗಳ ಸಾಲೇ ಹೊಳೆಯಿತು, ಬೆಳ್ಳಿ ತಂತಿಯ ಬಳ್ಳಿ ಅದರಲ್ಲಿ ಮುಳುಗಿಹೋಯಿತು. ಲೈಟನ್ನು ಸ್ಟ್ಯಾಂಡಿಗೆ ಹಾಕಿ, ಪಕ್ಕದಿಂದ, ತೆಳುವಾದ ಬಿಳಿ ಬಟ್ಟೆಯ ಮೂಲಕ ಬೆಳಕು ಬಿಡಿ. ಬೆಳ್ಳಿ ಎದ್ದು ಕಾಣುತ್ತದೆ, ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ಅಂಗಡಿಯಲ್ಲಿ ವ್ಯಾಟ್‌ಗಿಂತ ಮೊದಲು ಸಿಆರ್‌ಐ, ಅಂದರೆ ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎನ್ನುವ ನೂರರ ಅಂಕ, ಕೇಳಿ. 95ಕ್ಕಿಂತ ಕಡಿಮೆಯದು ಬೇಡ, ಮುಖದ ಬಣ್ಣ ಕೆಡುತ್ತದೆ. ಬೆಳಕಿನ ಛಾಯೆ 3200 ಕೆಲ್ವಿನ್‌ನಿಂದ (ಹಳದಿ) 5600 ಕೆಲ್ವಿನ್‌ವರೆಗೆ (ಹಗಲಿನ ಬಿಳಿ) ಬದಲಾಗುವಂತಿದ್ದರೆ ಕೋಣೆಯ ಬಲ್ಬಿಗೂ ಕಿಟಕಿಯ ಬೆಳಕಿಗೂ ಹೊಂದಿಸಬಹುದು. ಕ್ಯಾಮೆರಾದ ಶಟರ್ 1/50 ಸೆಕೆಂಡಿಗೆ ಇಡಿ, ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಟ್ಯೂಬ್‌ಲೈಟ್ ವಿಡಿಯೊದಲ್ಲಿ ಮಿನುಗುವುದಿಲ್ಲ.

ಲೈಟಿನ ಬ್ಯಾಟರಿ ಬಿಚ್ಚಿ ಬದಲಿಸುವಂಥದ್ದೇ ಇರಲಿ, ಎನ್‌ಪಿ-ಎಫ್ ಎಂಬ ಮಾದರಿಯ ಬ್ಯಾಟರಿ ಎಲ್ಲೆಡೆ ಸಿಗುತ್ತದೆ. ಇನ್ನೊಂದು ಬ್ಯಾಟರಿ ಜೊತೆಗಿಟ್ಟುಕೊಳ್ಳಿ. ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಬಿಸಿ ದ್ರಾವಣದಲ್ಲಿ ಪಾತ್ರೆ ಕಪ್ಪಾಗುವ ಗಳಿಗೆಯಲ್ಲಿ ಲೈಟ್ ಆರಿದರೆ, ಅದೇ ಪಾತ್ರೆಯನ್ನು ಮತ್ತೆ ಕಪ್ಪಾಗಿಸಿ ತೋರಿಸಿ ಎಂದು ಕೇಳುವಂತಿಲ್ಲ.