ಅಪ್ಪನ ಹಾಕಿ ಪುಸ್ತಕ

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ತೀರಿಕೊಂಡ ನಮ್ಮ ತಂದೆಯವರಿಗೆ ಹಾಕಿಯೆಂದರೆ ಪ್ರಾಣ. ಟಿ.ವಿ.ಯಲ್ಲಿ ಗೋಲು ಕಂಡರೂ ನನ್ನ ಭುಜ ಹಿಡಿದು ಎದ್ದು ನಿಲ್ಲುತ್ತಿದ್ದರು. ಪತ್ರಿಕೆಗಳಿಂದ ಕತ್ತರಿಸಿ ಅವರು ನೋಟ್‌ಪುಸ್ತಕದಲ್ಲಿ ಅಂಟಿಸಿದ್ದ ಚಿತ್ರಗಳಿಗೆ ಈಗ ಬೂಷ್ಟು ಹಿಡಿಯುತ್ತಿದೆ. ಮೊದಲ ಪುಣ್ಯತಿಥಿಯ ಹೊತ್ತಿಗೆ ಅವರ ಬದುಕನ್ನು ಬರೆದಿಡಬೇಕೆಂದಿದ್ದೇನೆ; ಎಲ್ಲಿಂದ ಆರಂಭಿಸಲಿ?
ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಆ ಪುಸ್ತಕದಿಂದಲೇ ಆರಂಭಿಸಿ. ಮೊದಲು ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಕೊಡಗಿನ ಮಳೆಗಾಲದ ತೇವಕ್ಕೆ ಕಾಗದ ಬೇಗ ಹಾಳಾಗುವುದರಿಂದ, ಪುಸ್ತಕವನ್ನು ನೆರಳಿನಲ್ಲಿ ಗಾಳಿಗಿಟ್ಟು ಚೆನ್ನಾಗಿ ಒಣಗಿಸಿ, ಮೆತ್ತನೆಯ ಬ್ರಷ್‌ನಿಂದ ಬೂಷ್ಟನ್ನು ಹಗುರವಾಗಿ ಸವರಿ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಲ್ಯಾಮಿನೇಷನ್ ಮಾತ್ರ ದಯವಿಟ್ಟು ಬೇಡ; ಒಮ್ಮೆ ಮಾಡಿಸಿದರೆ ಹಾಳೆಯನ್ನು ಮತ್ತೆ ಬಿಡಿಸಲಾಗದು.

ಬಳಿಕ ಒಂದೊಂದು ಚಿತ್ರವನ್ನೂ ಮುಂದಿಟ್ಟುಕೊಂಡು ಮನೆಯ ಹಿರಿಯರನ್ನು ಮಾತನಾಡಿಸಿ. ನಮ್ಮ ಕೊಡಗಿನ ಆಟಗಾರ ಬಿ.ಪಿ. ಗೋವಿಂದ ಅವರಿದ್ದ ಭಾರತ ತಂಡ 1975ರಲ್ಲಿ ವಿಶ್ವಕಪ್ ಗೆದ್ದ ಸುದ್ದಿ ಅಪ್ಪನಿಗೆ ಹೇಗೆ ತಲುಪಿತು, 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗ ಅವರು ಯಾರ ಜೊತೆ ಹೋಗಿದ್ದರು, ತಂಡ ಸೋತ ದಿನ ಮನೆಯಲ್ಲಿ ಹೇಗಿರುತ್ತಿದ್ದರು ಎಂದೆಲ್ಲ ಕೇಳಿ, ಹಿರಿಯರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಗೋಲುಗಳ ಲೆಕ್ಕ ಬೇರೆಡೆಯೂ ಸಿಗುತ್ತದೆ. ನಿಮ್ಮ ಭುಜದ ಮೇಲಿದ್ದ ಆ ಕೈಯನ್ನು ನೀವೊಬ್ಬರೇ ಬರೆಯಬಲ್ಲಿರಿ. ಮೊದಲ ಪುಟ ಅದಕ್ಕೇ ಇರಲಿ.