ಮಡಗಾಂವಿನ ಹಳೆಯ ಮನೆಯ ಮುಚ್ಚಿಗೆ: ಜಂತೆ ಬದಲಿಸುವ ಕ್ರಮ

ಗೋವಾದ ಮಡಗಾಂವಿನ ನಿಮ್ಮ ಹಳೆಯ ಮನೆಯ ಮುಚ್ಚಿಗೆ (ಕೋಣೆಯ ಮೇಲಿನ ಮರದ ಹೊದಿಕೆ) ಪಡುವಣ ಗೋಡೆಯ ಬದಿಯಲ್ಲಿ ಮಾತ್ರ ಕುಸಿದಿದೆ, ಅದನ್ನು ಹೊತ್ತ ಜಂತೆಗಳ (ಅಡ್ಡ ಮರಗಳ) ನಡುಭಾಗ ಗಟ್ಟಿಯಾಗಿದೆ ಎಂದು ನೀವು ಬರೆದಿರುವುದರಿಂದ, ಗೋಡೆಯೊಳಗೆ ಹುದುಗಿರುವ ತುದಿಗಳು ಕೊಳೆತಿರುವುದೇ ಕಾರಣವಿರಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಮಳೆನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಮರವು ಅದನ್ನು ಕೊಯ್ದ ತುದಿಯಿಂದಲೇ ಬೇಗ ಎಳೆದುಕೊಳ್ಳುತ್ತದೆ. ಗೆದ್ದಲೂ ಸೇರಿದೆಯೇ ಎಂಬುದನ್ನು ಬಿಚ್ಚಿ ನೋಡದೆ ಹೇಳಲಾಗದು.

ಮೊದಲು ಗೋಡೆಯ ಅಂಚಿನಲ್ಲಿ ಪ್ರತಿ ಜಂತೆಯನ್ನೂ ತೆಳುವಾದ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ನಮ್ಮ ಮನೆಯಲ್ಲಿ ಬಣ್ಣ ಇನ್ನೂ ಹೊಳೆಯುತ್ತಿದ್ದ ಜಂತೆಯೊಳಗೆ ಅದು ಹಿಡಿಯವರೆಗೂ ಇಳಿದು, ಒದ್ದೆ ಕಾಫಿ ಪುಡಿಯಂಥ ಹುಡಿ ಉದುರಿತ್ತು. ಮಳೆ ಸೋರುವ ಹಂಚು, ಬಿರುಕುಗಳನ್ನು ಸರಿಪಡಿಸದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ.

ಆಮೇಲೆ ಗೋಡೆಯಿಂದ ಸುಮಾರು 2 ಅಡಿ ಒಳಗೆ, ಎಲ್ಲ ಜಂತೆಗಳಿಗೂ ಅಡ್ಡಲಾಗಿ ಒಂದು ತೊಲೆ ಕೊಟ್ಟು, ಅದನ್ನು ಕಬ್ಬಿಣದ ಜಾಕ್‌ಗಳ (ತಿರುಗಿಸಿ ಎತ್ತರಿಸುವ ಆಧಾರಗಳ) ಮೇಲೆ ಆನಿಸಿ. ಜಾಕ್‌ಗಳ ಕೆಳಗೆ ದಪ್ಪ ಹಲಗೆ ಇರಲೇಬೇಕು. ಕುಸಿತವನ್ನು ಒಂದೇ ದಿನದಲ್ಲಿ ಎತ್ತಿದರೆ ಗಾರೆ ಬಿರುಕು ಬಿಡುತ್ತದೆ, ಜಾಕ್‌ಗಳನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಜಂತೆಗಳನ್ನು ಒಂದಾದ ಮೇಲೊಂದರಂತೆ, ಹಳೆಯ ಅಳತೆಯಲ್ಲೇ, ಚೆನ್ನಾಗಿ ಒಣಗಿದ ತೇಗ ಅಥವಾ ಮತ್ತಿ ಮರದಿಂದ ಬದಲಿಸಿ. ತುದಿ ಗೋಡೆಯ ಮೇಲೆ ಕನಿಷ್ಠ 4 ಅಂಗುಲ ಕೂರಬೇಕು, ಅದರ ಪಕ್ಕ ಮತ್ತು ಹಿಂದೆ ಅರ್ಧ ಅಂಗುಲ ಗಾಳಿಗೆ ಬಿಡಬೇಕು. ಮೇಸ್ತ್ರಿ ಆ ಸಂದನ್ನು ಸಿಮೆಂಟಿನಿಂದ ತುಂಬಲು ಹೊರಟರೆ ದಯವಿಟ್ಟು ತಡೆಯಿರಿ, ಹಳೆಯ ಕೊಳೆತ ಶುರುವಾಗುವುದೇ ಅಲ್ಲಿಂದ.

ಮುಚ್ಚಿಗೆಯ ಮೇಲೆ ವಾಸದ ಕೋಣೆಯಿದ್ದರೆ, ಜಾಕ್ ಇಡುವ ಮೊದಲೇ ಸ್ಟ್ರಕ್ಚರಲ್ ಇಂಜಿನಿಯರರನ್ನು ಕರೆಸಿ ಭಾರದ ಲೆಕ್ಕ ಹಾಕಿಸಿ.